ಇಬ್ಬರೇ ಇರುವ ಮನೆಗೆ ಹಬ್ಬ ಎಷ್ಟು ಬೇಕು?

ಮದುವೆಯಾಗಿ ಬಾಡಿಗೆ ಮನೆ ಹಿಡಿದ ಹೊಸ ಜೋಡಿಗೆ ಸಲಹೆ ಕೊಡುವವರು ಬೇಕಾದಷ್ಟು ಜನ. ಮಿಕ್ಸಿ ಯಾವುದು ಒಳ್ಳೆಯದು, ಗೀಸರ್ ಎಷ್ಟು ಲೀಟರಿನದಿರಲಿ, ಕುಕ್ಕರ್ ಮೂರು ಲೀಟರಿನದೋ ಐದರದೋ, ಎಲ್ಲವನ್ನೂ ಹೇಳುತ್ತಾರೆ. ಆ ಮನೆಯಲ್ಲಿ ದೀಪ ಯಾರು ಹಚ್ಚಬೇಕು, ಯಾರ ಕಡೆಯ ಹಬ್ಬ ನಡೆಯಬೇಕು, ಭಾನುವಾರ ಯಾರ ಗೆಳೆಯರನ್ನು ಊಟಕ್ಕೆ ಕರೆಯಬೇಕು ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಅದು ಗೊತ್ತಾಗುವುದು ಮೊದಲ ಶ್ರಾವಣದಲ್ಲಿ, ಅದೂ ಬಹುಮಟ್ಟಿಗೆ ಜಗಳದ ಮೂಲಕ.

ಹುಡುಗಿ ಮೈಸೂರಿನ ಕಡೆಯವಳು, ಹುಡುಗ ಧಾರವಾಡದ ಕಡೆಯವನು, ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ ಎಂದಿಟ್ಟುಕೊಳ್ಳಿ. ಶ್ರಾವಣ ಹುಟ್ಟುತ್ತಿದ್ದಂತೆ ಎರಡು ಫೋನು ಬರುತ್ತವೆ. “ಮಂಗಳವಾರದಿಂದ ಮಂಗಳಗೌರಿ ಶುರು ಕಣಮ್ಮ, ತಂಬಿಟ್ಟಿಗೆ ಅಕ್ಕಿ ನೆನೆಹಾಕಿದೀಯ ತಾನೆ?” ಅನ್ನುವುದು ಮೈಸೂರಿನ ಅಮ್ಮ. “ಪಂಚಮಿಗೆ ಉಂಡಿ ಕಟ್ಟತೀಯೇನವಾ? ಆಗೂದಿಲ್ಲಂದ್ರ ಹೇಳು, ನಾ ಬಸ್ಸಿನ್ಯಾಗ ಇಟ್ಟ ಕಳಸ್ತೀನಿ” ಅನ್ನುವುದು ಧಾರವಾಡದ ಅತ್ತೆ. ಇಬ್ಬರದೂ ಅಕ್ಕರೆಯ ಮಾತೇ. ಆದರೆ ಎರಡನ್ನೂ ಪೂರ್ತಿ ನಡೆಸಲು ಹೊರಟರೆ ಆ ತಿಂಗಳು ರಜೆ, ನಿದ್ದೆ, ಸಂಬಳ ಮೂರೂ ಸಾಲುವುದಿಲ್ಲ.

ಹೊಸ ಮನೆಯಲ್ಲಿ ಎರಡು ಸಲ ನಡೆದದ್ದು ಪದ್ಧತಿಯಾಗಿಬಿಡುತ್ತದೆ. ಮೂರನೆಯ ಸಲ ಬಿಟ್ಟರೆ “ಯಾಕೆ ಬಿಟ್ಟಿರಿ?” ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ಮೊದಲ ವರ್ಷ ಕಡಿಮೆ ಆರಿಸಿಕೊಳ್ಳಿ. ಆರಿಸುವಾಗ ಹಬ್ಬದಲ್ಲಿ ಹಂಚುವ ಭಾಗ ಯಾವುದೋ ಅದನ್ನು ಮೊದಲು ಉಳಿಸಿಕೊಳ್ಳಿ. ಎಳ್ಳು ಬೀರುವುದು, ಬನ್ನಿ ಕೊಡುವುದು, ಬಾಗಿನ, ಪಂಚಮಿಯ ರೊಟ್ಟಿ, ಈದಿನ ಸುರಕುಂಬಾ, ಹೀಗೆ ನಮ್ಮ ಹಬ್ಬಗಳಲ್ಲಿ ಹೊಸ್ತಿಲು ದಾಟಿ ಹೊರಗೆ ಹೋಗುವ ಒಂದು ಪಾಲು ಇದ್ದೇ ಇರುತ್ತದೆ. ಹತ್ತು ಜನರಿದ್ದ ಮನೆಯ ಪೂಜೆಯನ್ನು ಇಬ್ಬರೇ ಹೊರಲಾರರು. ಹಂಚುವುದು ಮಾತ್ರ ಇಬ್ಬರ ಕೈಯಲ್ಲೂ ಆಗುತ್ತದೆ, ಗುರುತಿಲ್ಲದ ಊರಿನಲ್ಲಿ ಆ ಮನೆಗೆ ನಾಲ್ಕು ಜನ ಸೇರುವುದೂ ಅದರಿಂದಲೇ.

ದೇವರ ಗೂಡು: ಚಿಕ್ಕದಿದ್ದಷ್ಟೂ ಒಳ್ಳೆಯದು

ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ಈ ಲೆಕ್ಕ. ಅಂದರೆ ದೇವರೂ ನಿಮ್ಮ ಜೊತೆ ಮನೆ ಬದಲಾಯಿಸುತ್ತಿರಬೇಕಾಗುತ್ತದೆ. ಗೋಡೆಗೆ ಮೊಳೆ ಹೊಡೆದು ಕೂರಿಸುವ ಮಂಟಪಕ್ಕಿಂತ ಕಪಾಟಿನ ಒಂದು ಅರೆಯೋ ಚಿಕ್ಕ ಮರದ ಪೀಠವೋ ಅನುಕೂಲ. ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನವೇ ಇದರ ಜಾಗ ಗೊತ್ತುಮಾಡಿಕೊಳ್ಳಿ. ಆಮೇಲೆ ನೋಡೋಣ ಅಂದರೆ ಆ ಜಾಗಕ್ಕೆ ವೈಫೈ ಡಬ್ಬಿ ಬಂದು ಕೂತಿರುತ್ತದೆ.

ಜಾಗ ನೋಡುವಾಗ ಕಿಟಕಿ ಪರದೆಯಿಂದ ದೂರ ಇರಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಬೇಡ. ದೀಪದ ಮೇಲೆ ತಗ್ಗಾದ ಹಲಗೆ ಇದ್ದರೆ ಕೆಲವೇ ದಿನಗಳಲ್ಲಿ ಮಸಿ ಹಿಡಿಯುತ್ತದೆ, ತಿಂಗಳಾನುಗಟ್ಟಲೆ ಹೀಗೇ ಹಚ್ಚಿದರೆ ಹಲಗೆಯೇ ಕಪ್ಪಾಗುತ್ತದೆ. ಹಿಂಬದಿಯ ಗೋಡೆಗೆ ಒಂದು ಹಂಚಿನ ತುಂಡನ್ನೋ ಟೈಲ್ಸನ್ನೋ ಒರಗಿಸಿಟ್ಟರೆ ಎಣ್ಣೆ, ಕುಂಕುಮದ ಕಲೆ ಗೋಡೆಗೆ ತಾಗುವುದಿಲ್ಲ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಹಿಡಿಯುವುದು ಇಂಥ ಕಲೆಗಳಿಗೇ. ದೀಪದ ಕೆಳಗೆ ಅಂಚಿರುವ ಹಿತ್ತಾಳೆ ತಟ್ಟೆ ಇರಲಿ. ಮನೆಗೆ ಬೀಗ ಹಾಕುವ ಮೊದಲು ದೀಪ ಶಾಂತ ಮಾಡುವುದು ಕಡ್ಡಾಯ. ಅವಸರದ ದಿನಗಳಿಗೆ ಒಂದೇ ಬತ್ತಿ, ಒಂದು ಚಮಚ ಎಳ್ಳೆಣ್ಣೆ ಸಾಕು, ಇನ್ನೊಬ್ಬರ ಸ್ನಾನ, ಇಬ್ಬರ ತಿಂಡಿ ಮುಗಿದು ಹೊರಡುವಷ್ಟರಲ್ಲಿ ಎಣ್ಣೆ ಬಹುಮಟ್ಟಿಗೆ ತೀರಿರುತ್ತದೆ. ದೀಪದ ಜಿಡ್ಡಿಗೆ ನೆನೆಸಿದ ಹುಣಸೆಹಣ್ಣು, ಚಿಟಿಕೆ ಉಪ್ಪು. ಶುಕ್ರವಾರ ಬೆಳಿಗ್ಗೆ ಆಫೀಸಿನ ಗಡಿಬಿಡಿಯಲ್ಲಿ ಉಜ್ಜುವ ಬದಲು ಗುರುವಾರ ರಾತ್ರಿ ಪಾತ್ರೆಯ ಜೊತೆಗೇ ಮುಗಿಸಿ.

ದೀಪ ಯಾರು ಹಚ್ಚಬೇಕು? ಬೆಳಿಗ್ಗೆ ಮೊದಲು ಸ್ನಾನ ಆದವರು, ಸಂಜೆ ಮೊದಲು ಮನೆಗೆ ಬಂದವರು. ಇಷ್ಟು ಮಾತಾಡಿಕೊಂಡರೆ ಪೂಜೆ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಇಷ್ಟಲಿಂಗ ಪೂಜೆಯ ಮನೆಯಿಂದ ಬಂದವರಿಗೆ ಜಾಗದ ಚಿಂತೆಯಿಲ್ಲ, ಅಂಗೈಯೇ ಪೀಠ. ಅವರಿಗೆ ಬೇಕಾದ್ದು ಫೋನು ಬಡಿದುಕೊಳ್ಳದ ಹತ್ತು ನಿಮಿಷ, ಅದನ್ನು ಕೊಡುವುದು ಇನ್ನೊಬ್ಬರ ಪಾಲಿನ ಪೂಜೆ.

ಪಂಚಾಂಗ ಮುಂದಿಟ್ಟುಕೊಂಡು ಮೂರು ಪಟ್ಟಿ

ವರ್ಷದ ಆರಂಭದಲ್ಲೇ ಗೋಡೆ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿಕೊಂಡು ಕೂತು ಮೂರು ಪಟ್ಟಿ ಮಾಡಿ: ಊರಿಗೆ ಹೋಗಿ ಮಾಡುವ ಹಬ್ಬ, ನಮ್ಮ ಮನೆಯಲ್ಲೇ ಮಾಡುವ ಹಬ್ಬ, ದೀಪ ಹಚ್ಚಿ ಇಬ್ಬರ ಅಮ್ಮಂದಿರಿಗೂ ಫೋನು ಮಾಡಿ ಮುಗಿಸುವ ಹಬ್ಬ. ಮೂರನೆಯ ಪಟ್ಟಿಯೇ ಉದ್ದವಿರಲಿ, ಅದರಲ್ಲಿ ನಾಚಿಕೆಯೇನಿಲ್ಲ.

ಊರಿನ ಪಟ್ಟಿಗೆ ಒಂದು ದೊಡ್ಡ ಹಬ್ಬ ಆ ಕಡೆ, ಒಂದು ಈ ಕಡೆ ಎಂದು ಹಂಚಿಕೊಳ್ಳಿ. ಮೊದಲ ದೀಪಾವಳಿಗೆ ಮಗಳು-ಅಳಿಯನನ್ನು ಕರೆಸಿ ಎಣ್ಣೆಸ್ನಾನ ಮಾಡಿಸುವುದು ಬಹುತೇಕ ಕಡೆ ಇರುವ ರೂಢಿ. ಆ ದೀಪಾವಳಿ ಅವಳ ತವರಿನದಾದರೆ ಯುಗಾದಿ ಅವನ ಮನೆಯದಾಗಲಿ, ಮರುವರ್ಷ ಅದಲು ಬದಲು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಹುಬ್ಬಳ್ಳಿ ಕಡೆಯ ಗಾಡಿಗಳಿಗೆ ಹಬ್ಬದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಆ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕಳೆದ ವರ್ಷದ ತಾರೀಖು ನೋಡಿ ರಜೆ ಹಾಕಬೇಡಿ. ತಿಥಿ ನೋಡಿ ಮಾಡುವ ಹಬ್ಬ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, 32–33 ತಿಂಗಳಿಗೊಮ್ಮೆ ಅಧಿಕಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಹೋಗುತ್ತದೆ.

ಹೊಸದಾಗಿ ಮದುವೆಯಾದವರ ವ್ರತಗಳಿಗೆ ಇನ್ನೊಂದು ಎಚ್ಚರ ಬೇಕು. ಇವು ಒಂದು ವರ್ಷಕ್ಕೆ ಮುಗಿಯುವಂಥವಲ್ಲ. ಮಂಗಳಗೌರಿ ವ್ರತ ಶ್ರಾವಣದ ಮಂಗಳವಾರಗಳಂದು, ಐದು ವರ್ಷ. ಭೀಮನ ಅಮಾವಾಸ್ಯೆಯನ್ನು ಹಲವು ಮನೆಗಳಲ್ಲಿ ಒಂಬತ್ತು ವರ್ಷ ಮಾಡಿಸುತ್ತಾರೆ. ಸಂಕ್ರಾಂತಿಗೆ ಬಾಳೆಹಣ್ಣು ಬೀರುವ ಹಳೆ ಮೈಸೂರಿನ ರೂಢಿಯಲ್ಲಿ ಮೊದಲ ವರ್ಷ 5, ಎರಡನೆಯ ವರ್ಷ 10, ಹೀಗೆ ಐದನೆಯ ವರ್ಷಕ್ಕೆ 25 ಹಣ್ಣು. ಮೊದಲ ಸಂಕ್ರಾಂತಿಯಲ್ಲಿ ಉತ್ಸಾಹದಿಂದ ಇಡೀ ಅಪಾರ್ಟ್‌ಮೆಂಟಿಗೆ ಬೀರಿದವರು ಐದನೆಯ ಸಂಕ್ರಾಂತಿಗೆ ಬಾಳೆಮಂಡಿಗೇ ಹೋಗಬೇಕಾದೀತು. ಐದೇ ಮನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ವ್ರತ ಹಿಡಿಯುವ ಮುಂಚೆ “ಎಷ್ಟು ವರ್ಷ? ಉದ್ಯಾಪನೆಗೆ ಏನೇನು ಬೇಕು?” ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಗೌರಿಯ ಬಾಗಿನಕ್ಕೂ ಇದೇ ಮಾತು. ಮೊರ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮ, ರವಿಕೆ ಕಣ, ಧಾನ್ಯ, ಬೆಲ್ಲ, ತೆಂಗಿನಕಾಯಿ, ಹೀಗೆ ಒಂದೊಂದು ಬಾಗಿನಕ್ಕೂ ಸಾಮಾನಿನ ಪಟ್ಟಿ ಉದ್ದ. ಕೊಡುವುದು ಎಷ್ಟಾದರೂ ಇರಲಿ, ಕೊಟ್ಟ ರವಿಕೆ ಕಣ ಹೊಲಿಸಿಕೊಳ್ಳುವಂತಿರಲಿ, ಬಳೆ ತೊಡುವವರ ಅಳತೆಯದಿರಲಿ. ಗಣೇಶ ಒಂದು ಗೇಣಿನೊಳಗಿನ ಹಸಿ ಮಣ್ಣಿನದಾದರೆ ಮನೆಯ ಬಕೆಟ್ಟಿನಲ್ಲೇ ಬಿಡಬಹುದು, ಕರಗಿದ ಮಣ್ಣು ತುಳಸಿ ಕುಂಡಕ್ಕೆ. ಪಿಒಪಿ ಮೂರ್ತಿಯನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೇ ನಿಷೇಧಿಸಿದೆ, ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ.

ಹಂಚುವ ಹಬ್ಬಗಳು

ಸಂಕ್ರಾಂತಿಯ ಎಳ್ಳನ್ನು ಇಬ್ಬರೇ ಕೂತು ಒಂದು ಶನಿವಾರ-ಭಾನುವಾರದಲ್ಲಿ ಮಾಡಿ ಮುಗಿಸಬಹುದು. ಬಿಳಿ ಎಳ್ಳು 100 ಗ್ರಾಂ ಇದ್ದರೆ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಅಚ್ಚುಬೆಲ್ಲ ತಲಾ 200 ಗ್ರಾಂ. ಇದು ಹಿಡಿಯಷ್ಟರ ಪೊಟ್ಟಣ ಕಟ್ಟಿದರೆ ಸುಮಾರು ಇಪ್ಪತ್ತು ಮನೆಗೆ ಸಾಕು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಎರಡು ದಿನ ಬಿಸಿಲಿಗಿಡಿ. ಬೆಲ್ಲವನ್ನು ಅಡಕೊತ್ತಿನಲ್ಲಿ ಕತ್ತರಿಸಿ ಅದನ್ನೂ ಒಣಗಿಸಿ. ಎಳ್ಳು ಚಟಪಟ ಅನ್ನುವಷ್ಟು ಹುರಿಯಿರಿ, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಉಜ್ಜಿ ಬೇಳೆ ಮಾಡಿ. ಎಲ್ಲ ಪೂರ್ತಿ ಆರಿದ ಮೇಲೆ ಬೆರೆಸಬೇಕು, ಬಿಸಿಯಲ್ಲಿ ಬೆರೆಸಿದರೆ ಬೆಲ್ಲ ಬೆವರಿ ಇಡೀ ಡಬ್ಬಿ ಮುದ್ದೆಯಾಗುತ್ತದೆ. ಬೀರಲು ಹೊರಡುವಾಗ ಇಬ್ಬರೂ ಹೋಗಿ. ಎದುರು ಮನೆಯವರ ಹೆಸರು ಗೊತ್ತಾಗಲು ಇಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ.

ಉತ್ತರ ಕರ್ನಾಟಕದ ಮನೆಯಿಂದ ಬಂದವರು ರೊಟ್ಟಿ ಪಂಚಮಿಯನ್ನು ಬಿಡಬೇಡಿ. ನಾಗರ ಚೌತಿಯ ಹಿಂದಿನ ದಿನ ಕಟಕ್ ರೊಟ್ಟಿ, ನಾಲ್ಕೈದು ತರದ ಪಲ್ಯ, ಶೇಂಗಾ ಚಟ್ನಿ ಮಾಡಿ ನೆರೆಮನೆಗಳಿಗೆ ಕೊಟ್ಟು ಅವರದನ್ನು ಪಡೆಯುವ ಹಬ್ಬವಿದು. ರೊಟ್ಟಿ ಬಡಿಯಲು ಬಾರದಿದ್ದರೆ ಬೆಂಗಳೂರಿನಲ್ಲಿ ಕಟಕ್ ರೊಟ್ಟಿ ಮಾರುವ ಅಂಗಡಿಗಳು ಬೇಕಾದಷ್ಟಿವೆ. ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ ಎರಡನ್ನು ಮನೆಯಲ್ಲಿ ಮಾಡಿದರೂ ಹಬ್ಬ ಆದಂತೆಯೇ. ದಸರೆಗೆ ಬನ್ನಿ ಹಂಚಲು ಖರ್ಚೇ ಇಲ್ಲ. “ಬನ್ನಿ ತೊಗೊಂಡು ಬಂಗಾರದಂಗ ಇರೋಣ” ಎಂದು ನಾಲ್ಕು ಎಲೆ ಕೈಗಿಟ್ಟು ನಮಸ್ಕರಿಸಿದರೆ, ವರ್ಷವಿಡೀ ಮುಖ ಗಂಟಿಕ್ಕಿಕೊಂಡಿದ್ದ ಮನೆ ಮಾಲೀಕರೂ ನಗುತ್ತಾರೆ.

ಮೈಸೂರಿನ ಕಡೆಯವರಿಗೆ ಗೊಂಬೆ ಕೂರಿಸುವ ಆಸೆ. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ ಜೋಡಿ ಪೆಟ್ಟಿಗೆಯಲ್ಲಿದ್ದರೆ ಅದೇ ಶುರು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು, ಮೊದಲ ವರ್ಷಕ್ಕೆ ಮೂರು ಸಾಕು. ಪುಸ್ತಕದ ರಟ್ಟಿನ ಪೆಟ್ಟಿಗೆಗಳ ಮೇಲೆ ಬಿಳಿ ಪಂಚೆ ಹಾಸಿದರೆ ಮೆಟ್ಟಿಲು ಸಿದ್ಧ. ವರ್ಷಕ್ಕೆರಡು ಚನ್ನಪಟ್ಟಣದ ಗೊಂಬೆ ಸೇರಿಸಿಕೊಂಡು ಹೋಗಿ. ಸಂಜೆ ಕಟ್ಟಡದ ಮಕ್ಕಳನ್ನು ಕರೆದು ಗೊಂಬೆ ಬಾಗಿನವೆಂದು ಕೋಡುಬಳೆ, ಕೊಬ್ಬರಿ ಮಿಠಾಯಿ ಕೈಗಿಟ್ಟರೆ ಮಕ್ಕಳ ಹಿಂದೆ ಅವರ ಅಪ್ಪ-ಅಮ್ಮಂದಿರೂ ಬರುತ್ತಾರೆ.

ಗೆಳೆಯರು: ಅವನವರು, ಅವಳವರು, ನಮ್ಮವರು

ಮದುವೆಯಾದ ಮೇಲೆ ಗೆಳೆಯರು ದೂರವಾಗುವುದು ಮನಸ್ತಾಪದಿಂದ ಅಲ್ಲ, ಯಾರೂ ಕರೆಯದೆ ಇರುವುದರಿಂದ. ಮದುವೆಯಾಗದ ಗೆಳೆಯರಿಗೆ ಹೊಸ ಜೋಡಿಯ ಮನೆಗೆ ಹೇಳದೆ ಬರಲು ಸಂಕೋಚ, ಜೋಡಿಗೆ ಮನೆ ಅಣಿಯಾಗಿಲ್ಲ ಎಂಬ ಸಂಕೋಚ. ಇದನ್ನು ಮುರಿಯಲು ತಿಂಗಳಿಗೊಂದು ದಿನ ಗೊತ್ತುಮಾಡಿ, ಎರಡನೆಯ ಶನಿವಾರ ರಾತ್ರಿ ಅಂತಿಟ್ಟುಕೊಳ್ಳಿ. ಅಡುಗೆ ಒಂದೇ ಪಾತ್ರೆಯದಿರಲಿ: ಬಿಸಿಬೇಳೆಬಾತು, ವಾಂಗಿಬಾತು, ಇಲ್ಲವೇ ಪುಳಿಯೋಗರೆ. ಜೊತೆಗೆ ಮೊಸರು, ಹಪ್ಪಳ. ಆರು ಜನಕ್ಕೆ ಮೂರು ಪಾವು ಅಕ್ಕಿ ಧಾರಾಳ. ಹತ್ತು ಬಗೆ ಮಾಡಿ ದಣಿದು ಮುಂದಿನ ಆರು ತಿಂಗಳು ಯಾರನ್ನೂ ಕರೆಯದಿರುವುದಕ್ಕಿಂತ ಬಾತು ಬಡಿಸಿ ಪ್ರತಿ ತಿಂಗಳು ಕರೆಯುವುದು ಮೇಲು.

ಒಬ್ಬರ ಗೆಳೆಯರು ಬಂದಾಗ ಇನ್ನೊಬ್ಬರು ಅಡುಗೆಮನೆಯಲ್ಲೇ ಉಳಿದುಬಿಡಬಾರದು. ಯಾರ ಗೆಳೆಯರೋ ಅವರದೇ ಅಡುಗೆ, ಇನ್ನೊಬ್ಬರದು ಮಾತು. ಪರಿಚಯ ಬೇಗ ಬೆಳೆಯುತ್ತದೆ. ಹಾಗೆಯೇ ಇಬ್ಬರಿಗೂ ತಮ್ಮ ತಮ್ಮ ಗೆಳೆಯರ ಜೊತೆ ಒಂಟಿಯಾಗಿ ಹೋಗುವ ಒಂದು ಸಂಜೆ ಇರಲಿ. ಗಂಡ ಕ್ರಿಕೆಟ್ಟಿಗೆ ಹೋದರೆ ಸಹಜ, ಹೆಂಡತಿ ಗೆಳತಿಯ ಜೊತೆ ಸಿನಿಮಾಕ್ಕೆ ಹೋದರೆ “ಅವನ ಊಟ?” ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕೊಡಬೇಕಾದವನು ಗಂಡ.

ನಂಟರಿಲ್ಲದ ಊರಿನಲ್ಲಿ ಕೆಲವು ಶಾಸ್ತ್ರಕ್ಕೆ ಗೆಳೆಯರೇ ಬಂಧುಗಳು. ಭೀಮನ ಅಮಾವಾಸ್ಯೆಯಲ್ಲಿ ಕಡುಬಿನೊಳಗೆ ನಾಣ್ಯವಿಟ್ಟು ಹೊಸ್ತಿಲ ಮೇಲೆ ಭಂಡಾರ ಒಡೆಯುವುದು ಅಣ್ಣತಮ್ಮಂದಿರ ಕೆಲಸ. ತಮ್ಮ ಊರಿನಲ್ಲಿದ್ದರೆ ತಮ್ಮನಂಥ ಗೆಳೆಯನನ್ನು ಕರೆಯಿರಿ. ಮೊಣಕೈಯಲ್ಲಿ ಗುದ್ದಿ ಕಡುಬು ಒಡೆದು, ನಾಣ್ಯ ಜೇಬಿಗೆ ಹಾಕಿಕೊಂಡು, ನಮಸ್ಕಾರ ಮಾಡಿದ ಅಕ್ಕನಿಗೆ ಉಡುಗೊರೆ ತರಲು ಮರೆತು ಪೇಚಾಡಿದವನು ಮುಂದೆ ಎಷ್ಟೋ ವರ್ಷ ಆ ಮನೆಯವನಾಗಿಯೇ ಉಳಿಯುತ್ತಾನೆ.

ಪಕ್ಕದ ಮನೆಯಿಂದ ಬಂದ ಡಬ್ಬಿಯನ್ನು ಬರಿದಾಗಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಏನೂ ಇಲ್ಲದಿದ್ದರೆ ಎರಡು ಚಮಚ ಸಕ್ಕರೆ, ಒಂದು ಹಣ್ಣು. ಮುಖ್ಯವಾದ ಮಾತೆಂದರೆ ಡಬ್ಬಿಯನ್ನು ವಾರದೊಳಗೆ ಕೊಡಿ. ಸ್ಟೀಲಿನ ಡಬ್ಬಿಯ ತಳದಲ್ಲಿ ಹೆಸರು ಕೊರೆಸಿರುತ್ತಾರೆ, ಯಾರದೆಂದು ಗೊತ್ತಾಗಲಿಲ್ಲ ಎಂಬ ನೆಪ ನಡೆಯದು.

ನಂಬಿಕೆ ಒಂದೇ ಆಗಿರದಿದ್ದರೆ

ಬೇರೆ ಧರ್ಮದ, ಬೇರೆ ಆಚಾರದ ಜೋಡಿಗಳಿಗೂ ಇದೇ ಲೆಕ್ಕ ನಡೆಯುತ್ತದೆ. ಮಂಗಳೂರಿನ ಕ್ರೈಸ್ತ ಮನೆಯವರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ, ಊಟ ಪೂರ್ತಿ ಸಸ್ಯಾಹಾರ. ಮಾಂಸ ತಿನ್ನದ ಗೆಳೆಯರನ್ನು ಕರೆಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ರಂಜಾನ್ ತಿಂಗಳಲ್ಲಿ ಉಪವಾಸವಿರುವ ಗೆಳೆಯರನ್ನು ಕರೆಯುವುದಾದರೆ ಸೂರ್ಯಾಸ್ತಕ್ಕೆ ಸರಿಯಾಗಿ ಖರ್ಜೂರ, ನೀರು, ಹಣ್ಣು ಮುಂದಿರಲಿ, ನಮಾಜಿಗೆ ಒಂದು ಶುಚಿಯಾದ ಕೋಣೆ ಬಿಟ್ಟುಕೊಡಿ. ಜೈನ ಗೆಳೆಯರು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಂಥ ಗೆಡ್ಡೆ ತಿನ್ನದಿರಬಹುದು, ಹಲವರು ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ. ಕರೆಯುವಾಗಲೇ ಕೇಳಿಬಿಟ್ಟರೆ ಇಬ್ಬರಿಗೂ ನಿರಾಳ.

ಒಬ್ಬರಿಗೆ ದೇವರಲ್ಲಿ ನಂಬಿಕೆ, ಇನ್ನೊಬ್ಬರಿಗೆ ಇಲ್ಲ ಅಂದರೆ? ಕನ್ನಡಿಗರಿಗೆ ಇದು ಹೊಸದಲ್ಲ. ಕುವೆಂಪು ಅವರು ಪುರೋಹಿತರಿಲ್ಲದ, ಆಡಂಬರವಿಲ್ಲದ ಮಂತ್ರಮಾಂಗಲ್ಯದ ಮದುವೆಯನ್ನು ರೂಪಿಸಿ 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನಡೆಸಿದರು. ಶಾಸ್ತ್ರ ಎಷ್ಟಿರಬೇಕೆಂದು ಮದುವೆಯಾಗುವವರೇ ಕೂತು ತೀರ್ಮಾನಿಸುವುದು ಅಂದಿನಿಂದಲೂ ಇದೆ. ಮನೆಯಲ್ಲಿ ಇಷ್ಟು ಒಪ್ಪಂದ ಸಾಕು: ನಂಬುವವರನ್ನು ಹಂಗಿಸುವಂತಿಲ್ಲ, ನಂಬದವರನ್ನು ಆರತಿಗೆ ಎಳೆಯುವಂತಿಲ್ಲ. ಆದರೆ ಪೂಜೆಗೆ ಕೂರದವರು ಪಾತ್ರೆಗೆ ಕೂರಬೇಕು. ಒಬ್ಬಟ್ಟು ಬೇಕು, ಹೂರಣ ರುಬ್ಬುವುದು ಬೇಡ ಅನ್ನುವ ನಾಸ್ತಿಕತೆಗೆ ಮನೆಯಲ್ಲಿ ಜಾಗವಿಲ್ಲ.

ಕೆಲಸವೂ ಹಂಚಿಕೆಯೇ

ಹಬ್ಬದ ದಿನದ ಕೆಲಸವನ್ನು ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆಯಿರಿ: ಗುಡಿಸಿ ಒರೆಸುವುದು, ತೋರಣ, ರಂಗೋಲಿ, ಹೂವು, ಅಡುಗೆ, ಪೂಜೆ, ಬಡಿಸುವುದು, ಪಾತ್ರೆ. ಎಂಟು ಕೆಲಸ, ತಲಾ ನಾಲ್ಕು. ಬರೆಯದಿದ್ದರೆ ಆರು ಒಬ್ಬರ ಪಾಲಿಗೆ, ಎರಡು ಇನ್ನೊಬ್ಬರ ಪಾಲಿಗೆ ಬರುತ್ತದೆ, ಆ ಎರಡರಲ್ಲಿ ಒಂದು ತೋರಣ ಕಟ್ಟಿ ಫೋಟೊ ತೆಗೆಯುವುದಾಗಿರುತ್ತದೆ. ವರಮಹಾಲಕ್ಷ್ಮಿಯ ಹಿಂದಿನ ದಿನ ಹೂವಿನ ಬೆಲೆ ಕೇಳುವಂತಿರುವುದಿಲ್ಲ. ಎರಡು ದಿನ ಮೊದಲೇ ಕೊಂಡು, ಒದ್ದೆ ಬಟ್ಟೆಯಲ್ಲೋ ಬಾಳೆಲೆಯಲ್ಲೋ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ, ಬಾಡುವುದಿಲ್ಲ.

ಹಬ್ಬದ ದುಡ್ಡು ಮತ್ತು ಮುಯ್ಯಿಯ ನೋಟುಪುಸ್ತಕ

ಶ್ರಾವಣದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳಲ್ಲಿ ಹಬ್ಬಗಳು ಒಂದರ ಹಿಂದೊಂದು ಸಾಲುಗಟ್ಟಿ ಬರುತ್ತವೆ. ಊರಿನ ಪ್ರಯಾಣ, ಎರಡು ಮನೆಗೂ ಬಟ್ಟೆ, ಪೂಜೆಯ ಸಾಮಾನು, ಬಂದುಹೋಗುವವರು ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗಬಹುದೆಂದು ಅಂದಾಜು ಮಾಡಿ ಹನ್ನೆರಡರಿಂದ ಭಾಗಿಸಿ. ಆ ಮೊತ್ತವನ್ನು ಇಬ್ಬರೂ ಸಂಬಳದ ಅನುಪಾತದಲ್ಲಿ ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿಟ್ಟರೆ ದೀಪಾವಳಿಯ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಉಜ್ಜುವ ಪ್ರಸಂಗ ಬರುವುದಿಲ್ಲ. ಎರಡು ಮನೆಯ ಹಿರಿಯರಿಗೂ ಒಂದೇ ಬೆಲೆಯ ಬಟ್ಟೆ ಎಂದು ಮೊದಲೇ ಮಾತಾಡಿಕೊಳ್ಳಿ. ಸೀರೆಯ ಬೆಲೆಚೀಟಿ ಎಷ್ಟು ಹರಿದು ಬಿಸಾಡಿದರೂ ಸುದ್ದಿ ತಲುಪುವಲ್ಲಿಗೆ ತಲುಪುತ್ತದೆ.

ಮದುವೆಯಲ್ಲಿ ಬಂದ ಮುಯ್ಯಿಯ ಪಟ್ಟಿಯನ್ನು ಎಸೆಯಬೇಡಿ. ಯಾರು 501 ಕೊಟ್ಟರು, ಯಾರು ಬೆಳ್ಳಿ ಬಟ್ಟಲು ಕೊಟ್ಟರು, ಯಾರು ಸೀರೆ ಉಡಿಸಿದರು ಎಂಬುದು ಅಪ್ಪನ ಕೈಬರಹದ ನೋಟುಪುಸ್ತಕದಲ್ಲಿರುತ್ತದೆ. ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅವರ ಮನೆಯ ಗೃಹಪ್ರವೇಶಕ್ಕೋ ನಾಮಕರಣಕ್ಕೋ ನೀವು ಹೋಗುವ ದಿನ ಅದು ಬೇಕಾಗುತ್ತದೆ. ಅಷ್ಟೇ ವಾಪಸು ಕೊಡಬೇಕೆಂದಲ್ಲ, ಕೈಲಾದಷ್ಟು ಕೊಡಿ. ಕಷ್ಟದಲ್ಲಿದ್ದೂ ಕೊಟ್ಟವರು ಯಾರೆಂಬುದು ಮಾತ್ರ ಮರೆಯಬಾರದು.

ವರ್ಷಕ್ಕೊಮ್ಮೆ ಪಟ್ಟಿ ತಿದ್ದಿ

ಮುಂದಿನ ಯುಗಾದಿಗೆ ಹೊಸ ಕ್ಯಾಲೆಂಡರ್ ತೂಗುಹಾಕುವ ಮುಂಚೆ ಹಳೆಯದನ್ನು ಇಳಿಸಿ ಇಬ್ಬರೂ ಕೂತು ನೋಡಿ. ಯಾವ ಹಬ್ಬ ಸಂತೋಷದಿಂದ ನಡೆಯಿತು, ಯಾವುದು ಬರೀ ದಣಿವಾಯಿತು, ಯಾವ ದಿನ ಮನೆಗೆ ಜನ ಬಂದರು ಎಂದು ಒಂದೊಂದೇ ಟಿಕ್ ಹಾಕಿ. ದಣಿವಾದದ್ದರ ಮೇಲೆ ಗೀಟು ಎಳೆಯಿರಿ, ಆ ಜಾಗಕ್ಕೆ ಬೇಕಿದ್ದರೆ ಹೊಸದೊಂದನ್ನು ಸೇರಿಸಿ. ಹಬ್ಬ ಬಿಟ್ಟ ಸುದ್ದಿಯನ್ನು ಊರಿಗೆ ತಿಳಿಸುವ ಕೆಲಸವೊಂದು ಉಳಿಯುತ್ತದೆ. ಅವನ ಅಮ್ಮನಿಗೆ ಅವನೇ ಹೇಳಬೇಕು, ಅವಳ ಅಮ್ಮನಿಗೆ ಅವಳೇ. ಇದೊಂದು ನಿಯಮವನ್ನು ಮಾತ್ರ ಯಾವ ವರ್ಷವೂ ತಿದ್ದಬೇಡಿ.